ಮೇಡಂ ಆಡಿಸಿದ ಪಂದ್ಯ

ನಮ್ಮ ಬ್ಯಾಸ್ಕೆಟ್‌ಬಾಲ್ ಕೋಚ್ ಮೇಡಂ ಅವರ ಬಲಗೈಯ ಉಂಗುರದ ಬೆರಳು ಯಾವುದೋ ಪಂದ್ಯದಲ್ಲಿ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಕೈ ಚಾಚಿ "ಏಯ್, ಹೊರಗೆ ನಡಿ" ಎಂದರೆ ಉಳಿದ ಬೆರಳೆಲ್ಲ ಒಬ್ಬಳ ಕಡೆ, ಆ ಬೆರಳು ಮಾತ್ರ ಪಕ್ಕದವಳ ಕಡೆ. ಇಬ್ಬರೂ ಅಂಕಣ ಬಿಟ್ಟು ಹೋಗುತ್ತಿದ್ದೆವು. ತಪ್ಪು ಯಾರದೆಂದು ಅವರು ಬಿಡಿಸಿ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದ ನಡುಭಾಗ. ಜಯನಗರದ ಪಾರ್ಕೊಂದರ ಪಕ್ಕದ ಸಿಮೆಂಟ್ ಅಂಕಣದಲ್ಲಿ ಅವರು ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ನನ್ನನ್ನು ರಸ್ತೆಯಲ್ಲಿ ನೋಡಿ ಹಿಂದೆಯೇ ಮನೆಗೆ ಬಂದರು. ಹುಡುಗಿಯರಿಗೆ ಇದೆಲ್ಲ ಯಾಕೆ ಎಂದು ಅಮ್ಮ ರಾಗ ಎಳೆದಾಗ, "ಇಷ್ಟು ಉದ್ದದ ಮಗಳನ್ನ ಇಟ್ಕೊಂಡು ಏನ್ ಮಾಡ್ತೀರಿ? ಅಟ್ಟದಿಂದ ಪಾತ್ರೆ ಇಳಿಸ್ತೀರಾ?" ಎಂದರು. ಅಮ್ಮ ಸೋತರು.

ಅವರು ಎಂಥ ಆಟಗಾರ್ತಿಯಾಗಿದ್ದರು ಎಂಬುದನ್ನು ನಾನು ಕೇಳಿದ್ದು ಸೋದರಮಾವನ ಬಾಯಲ್ಲಿ. ಅವರ ಪಂದ್ಯ ಇದ್ದರೆ ಮಾವ ವಿಲ್ಸನ್ ಗಾರ್ಡನ್ನಿನಿಂದ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರಂತೆ. "ಚೆಂಡು ಎಸೆದು, ಅದು ಬುಟ್ಟಿಗೆ ಬೀಳೋದನ್ನೂ ನೋಡದೆ ವಾಪಸ್ ಓಡ್ತಿದ್ಲು ಕಣೆ. ಬೀಳುತ್ತೆ ಅಂತ ಅವಳಿಗೆ ಗೊತ್ತು. ಎದುರಾಳಿಗಳಿಗೆ ಅದಕ್ಕಿಂತ ಅವಮಾನ ಬೇಕಾ?"

ದೇಶದ ತಂಡಕ್ಕೂ ಆಡಿದ್ದರು. ಆಡುವುದಕ್ಕೆಂದೇ ಒಂದು ದೊಡ್ಡ ಕಾರ್ಖಾನೆ ಅವರಿಗೆ ನೌಕರಿ ಕೊಟ್ಟಿತ್ತು. ಆಟವನ್ನು ವೃತ್ತಿ ಮಾಡಿಕೊಳ್ಳುವುದೆಂದರೆ ನಮ್ಮ ಕಡೆ ಆಗ ಅಷ್ಟೇ. ಒಂದು ಫೈನಲ್ಲಿಗೆ ಮೊದಲು ಅವರ ಮಂಡಿ ಊದಿಕೊಂಡಾಗ ಅಧಿಕಾರಿಗಳು ಇಂಜೆಕ್ಷನ್ ಕೊಡಿಸಿ ಆಡಿಸಿದರು. ಕಪ್ ಬಂತು, ಮಂಡಿ ಹೋಯಿತು. ಮುಂದೆ ಕಾರ್ಖಾನೆ ಅವರನ್ನು ಸ್ಟೋರ್ಸ್ ವಿಭಾಗದಲ್ಲಿ ಕೂರಿಸಿತು. ಇದನ್ನು ನಮಗೆ ಹೇಳುವಾಗ ಅವರ ದನಿಯಲ್ಲಿ ದೂರೇ ಇರಲಿಲ್ಲ. "ಆಡಿಸಿದ್ರು, ಆಡ್ದೆ. ಕೆಲಸ ಉಳೀತು."

ಕರುಣೆ ಅವರ ಹತ್ತಿರ ಸುಳಿಯುತ್ತಿರಲಿಲ್ಲ. "ಅಳೋದಾದ್ರೆ ಓಡ್ತಾ ಅಳು" ಎನ್ನುತ್ತಿದ್ದರು. ದಪ್ಪಗಿದ್ದ ಒಬ್ಬ ಹುಡುಗಿಯನ್ನು, ಅವಳ ಅಪ್ಪ ನೋಡುತ್ತ ನಿಂತಿರುವಾಗಲೇ, "ಇದನ್ನ ಮನೆಗೆ ಕರ್ಕೊಂಡು ಹೋಗಿ ಸಾರ್, ನೆಲ ಸವೆಯುತ್ತೆ" ಎಂದು ಕಳಿಸಿಬಿಟ್ಟರು. ಆ ಹುಡುಗಿ ಮತ್ತೆಂದೂ ಪಾರ್ಕಿನ ಕಡೆ ಬರಲಿಲ್ಲ.

ಅವರ ಕ್ರೌರ್ಯದ ದೊಡ್ಡ ಪಾಲು ಬೊಮ್ಮನಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುತ್ತಿದ್ದ ಹುಡುಗಿಗೆ. ಅವಳಮ್ಮ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸದವರು. ನಮ್ಮೆಲ್ಲರಲ್ಲಿ ನಿಜವಾಗಿ ಆಟ ಇದ್ದದ್ದು ಅವಳೊಬ್ಬಳಲ್ಲಿ. ಅವಳು ಪಾಸ್ ತಪ್ಪಿದರೆ ಮೇಡಂ ಚೆಂಡನ್ನು ನೇರ ಅವಳ ಮುಖಕ್ಕೇ ಬೀಸುತ್ತಿದ್ದರು. ಮೂಗಿನಿಂದ ರಕ್ತ ಬಂದರೂ "ಒರೆಸ್ಕೊಂಡು ಬಾ" ಎಂದಷ್ಟೇ ಹೇಳುತ್ತಿದ್ದರು.

ಆ ವರ್ಷದ ಲೀಗ್ ಫೈನಲ್ ನೋಡಲು ಮೇಡಂ ಅವರ ಕಾರ್ಖಾನೆಯ ಅಧಿಕಾರಿಗಳು ಬರುವವರಿದ್ದರು. ಹೊಸ ಆಟಗಾರ್ತಿಯರಿಗೆ ನೌಕರಿ ಕೊಡುವ ಮಾತಿತ್ತು. ಹಿಂದಿನ ಸಂಜೆ ಅಭ್ಯಾಸದಲ್ಲಿ ಬೊಮ್ಮನಹಳ್ಳಿ ಹುಡುಗಿ ಬಿದ್ದಳು. ಮಂಡಿ ತೆಂಗಿನಕಾಯಿಯಷ್ಟು ಊದಿತು. ಅವಳನ್ನು ಆಟೋಗೆ ಹತ್ತಿಸಿಕೊಂಡು ಮೇಡಂ, ನಾನು ಡಾಕ್ಟರ ಹತ್ತಿರ ಹೋದೆವು.

"ಈ ಕಾಲಲ್ಲಿ ಆಡಿದ್ರೆ ಮುಂದೆ ಓಡೋಕೇ ಆಗಲ್ಲ" ಎಂದರು ಡಾಕ್ಟರು.

"ನಾಳೆ ಒಂದು ಮ್ಯಾಚ್ ಇವಳು ಆಡೋ ಹಾಗೆ ಮಾಡಿ, ಸಾಕು" ಎಂದರು ಮೇಡಂ.

ಡಾಕ್ಟರು ಮೇಡಂ ಅವರ ಸೆಟೆದ ಕಾಲನ್ನೇ ನೋಡಿದರು. "ಏನಾಗುತ್ತೆ ಅಂತ ನಿಮಗೆ ಗೊತ್ತಿಲ್ವಾ?"

"ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹುಡುಗಿ ಬಿಕ್ಕತೊಡಗಿದಳು. "ನಂಗೆ ಆಗಲ್ಲ ಮೇಡಂ."

"ಮಂಡಿ ಉಳಿಸ್ಕೊಂಡು ಏನ್ ಮಾಡ್ತೀಯ? ನಿಮ್ಮಮ್ಮನ ಪಕ್ಕದಲ್ಲಿ ಮಿಷನ್ ತುಳೀತೀಯ. ನಾಳೆ ಆಡು. ಕೆಲಸ ಸಿಗುತ್ತೆ. ಆಮೇಲೆ ಬೇಕಾದಷ್ಟು ಕುಂಟು."

ನನಗೆ ತಡೆಯಲಾಗಲಿಲ್ಲ. "ಅವಳ ಬದಲು ನಾನು ಆಡ್ತೀನಿ ಮೇಡಂ."

ಅವರು ನನ್ನ ಕಡೆ ತಿರುಗಲೂ ಇಲ್ಲ. "ನಿಮ್ಮನೇಲಿ ಊಟ ಇದೆ. ನೀನು ಕೂತ್ಕೋ."

ಮರುದಿನ ನಾನು ಕೂತೇ ನೋಡಿದೆ. ಡಾಕ್ಟರು ಕೊನೆಗೂ ಕೊಟ್ಟ ಇಂಜೆಕ್ಷನ್ನಿನ ಬಲದ ಮೇಲೆ ಅವಳು ಹಲ್ಲು ಕಚ್ಚಿಕೊಂಡು ಆಡಿದಳು. ಪಂದ್ಯ ಮುಗಿಯುವ ಹೊತ್ತಿಗೆ ಎದುರು ತಂಡದವಳೊಬ್ಬಳು ಅವಳ ಕಾಲ ಮೇಲೇ ಬಿದ್ದಳು. ಆ ಚೀರಾಟಕ್ಕೆ ರೆಫರಿ ವಿಷಲ್ ಊದುವುದನ್ನೂ ಕ್ಷಣಕಾಲ ಮರೆತರು. ಮೇಡಂ ಕುಳಿತಲ್ಲಿಂದಲೇ ಕೂಗಿದರು, "ಎದ್ದೇಳು. ಫ್ರೀ ಥ್ರೋ ನಿಂದೇ." ಅವಳು ಒಂಟಿ ಕಾಲಿನಲ್ಲಿ ನಿಂತು ಎರಡು ಸಲವೂ ಬುಟ್ಟಿಗೆ ಹಾಕಿದಳು. ನಾವು ಗೆದ್ದೆವು. ಅವಳನ್ನು ನಾವು ಎತ್ತಿಕೊಂಡು ಹೊರಗೆ ತರುತ್ತಿದ್ದರೆ ಮೇಡಂ ನಮ್ಮನ್ನು ದಾಟಿಕೊಂಡು ಅಧಿಕಾರಿಗಳ ಕಡೆ ನಡೆದರು. ಅವರ ಮಾತು ಮುಗಿಯುವ ಹೊತ್ತಿಗೆ ಅವಳಿಗೆ ಕೆಲಸ ಗಟ್ಟಿಯಾಗಿತ್ತು.

ಅವಳು ಮತ್ತೆ ಓಡಲಿಲ್ಲ. ಆಪರೇಷನ್ ಆದರೂ ಕಾಲು ಮಡಚಲು ಬರಲಿಲ್ಲ. ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು, ಅದೂ ಮೇಡಂ ಹಟ ಹಿಡಿದು ಜಗಳವಾಡಿದ ಮೇಲೆ. ಒಂದೇ ಕ್ಯಾಂಟೀನಿನಲ್ಲಿ ಇಬ್ಬರೂ ವರ್ಷಗಟ್ಟಲೆ ಊಟ ಮಾಡಿದರು. ಅವಳು ಒಂದು ದಿನವೂ ಮೇಡಂ ಜೊತೆ ಮಾತಾಡಲಿಲ್ಲ. ಅವಳು ಮಾತಾಡಲಿ ಎಂದು ಮೇಡಂ ಕಾದವರೂ ಅಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಮೇಡಂ ಕತ್ರಿಗುಪ್ಪೆಯ ಬಾಡಿಗೆ ಮನೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಬನಶಂಕರಿ ಚಿತಾಗಾರದಲ್ಲಿ ಹಳೆಯ ಆಟಗಾರರು ಸೇರಿದ್ದರು. ಎಂಥ ಆಟ, ಎಂಥ ಶಿಸ್ತು, ಎಷ್ಟು ಹುಡುಗಿಯರಿಗೆ ದಾರಿ ತೋರಿಸಿದರು ಎಂದು ಒಬ್ಬೊಬ್ಬರಾಗಿ ಹೊಗಳುತ್ತಿದ್ದರು. ಅಷ್ಟರಲ್ಲಿ ಬೊಮ್ಮನಹಳ್ಳಿ ಹುಡುಗಿ ಬಂದಳು. ನೇರ ಡ್ಯೂಟಿಯಿಂದ ಬಂದಿದ್ದಳು. ದೇಹದ ಹತ್ತಿರ ಹೋಗಲಿಲ್ಲ. ನಿಲ್ಲಲಾಗದೆ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತಳು. ನಾನೂ ಪಕ್ಕದಲ್ಲಿ ಕೂತೆ.

"ಇಬ್ಬರು ತಂಗೀರನ್ನ ಓದಿಸ್ದೆ" ಎಂದಳು. "ಅಮ್ಮನ್ನ ಗಾರ್ಮೆಂಟ್ಸ್ ಬಿಡಿಸ್ದೆ. ಎಲ್ಲಾ ಇವರು ಕೊಡಿಸಿದ ಕೆಲಸದಿಂದಾನೇ. ಆದ್ರೂ ಸತ್ರು ಅಂತ ಫೋನ್ ಬಂದಾಗ ಖುಷಿಯಾಯ್ತು ಕಣೆ."

ಅವಳು ನನ್ನ ಕಡೆ ತಿರುಗಿದಳು.

"ಅವತ್ತು ನಿನ್ನ ಆಡಿಸಿದ್ರೆ ಗೆಲ್ತಿದ್ವಾ?"

"ಇಲ್ಲ" ಎಂದೆ. ಅದು ನಿಜ.

"ಗೊತ್ತು. ಅವರಿಗೂ ಗೊತ್ತಿತ್ತು."

ಒಳಗಿನಿಂದ ಯಾರೋ ಎಲ್ಲರನ್ನೂ ಕರೆದರು. ನಾನು ತಟ್ಟನೆ ಎದ್ದು ನಿಂತೆ. ಅವಳು ಎರಡೂ ಅಂಗೈ ಮೆಟ್ಟಿಲಿಗೆ ಊರಿ, ಏಳುವ ಮೊದಲು ಒಂದು ಗಳಿಗೆ ನನ್ನ ಮಂಡಿಗಳನ್ನೇ ನೋಡಿದಳು.