ಮುದುಕಿ ಪಾಸಾದದ್ದು

ಗಾಜಣ್ಣ ಇಪ್ಪತ್ತೆಂಟು ವರ್ಷ ಮತ್ಸ್ಯಾಲಯದ ತೊಟ್ಟಿಗಳ ಗಾಜು ಒರೆಸಿದವನು. ಜನ ಮೂಗು ಒತ್ತಿ ಬಿಟ್ಟುಹೋದ ಗುರುತುಗಳನ್ನು ಅವನು ಅಳಿಸದೆ ಇದ್ದಿದ್ದರೆ ಇಷ್ಟುಹೊತ್ತಿಗೆ ಕಟ್ಟಡಕ್ಕೇ ನೆಗಡಿಯಾಗಿರುತ್ತಿತ್ತು. ಅವನ ಕೈಯಿಂದಲೇ ಮೀನಿನ ತುಂಡು ತಿಂದು ಎಮ್ಮೆಯಷ್ಟು ದಪ್ಪಗಾದ ಕಡಲಾಮೆಯೊಂದು ಅಲ್ಲಿತ್ತು. ಅದನ್ನು ಮುದುಕಿ ಎಂದು ಕರೆಯುತ್ತಿದ್ದ.

“ನನಗೆ ಯಾವತ್ತಾದ್ರೂ ಒಂದು ತುತ್ತು ತಿನ್ನಿಸಿದೀರಾ?” ಎಂದು ಹೆಂಡತಿ ಕೇಳುವಳು.

“ನಿನಗೆ ಕೈ ಇದೆಯಲ್ಲೇ. ಅದಕ್ಕೆಲ್ಲಿದೆ?”

ಆಮೇಲೆ, ಪ್ರಾಣಿಗಳನ್ನು ಕೂಡಿಹಾಕಿ ತೋರಿಸುವುದು ಪಾಪ ಎಂದು ಊರಿಗೆಲ್ಲ ಒಂದೇ ದಿನ ಹೊಳೆಯಿತು. ನಿನ್ನೆಯವರೆಗೆ ಟಿಕೆಟ್ಟಿಗೆ ನೂಕಾಡಿದವರಿಗೇ. ಮತ್ಸ್ಯಾಲಯ ಆಸ್ಪತ್ರೆಯಾಯಿತು. ಬಲೆಗೆ ಸಿಕ್ಕಿ ಗಾಯಗೊಂಡವು ಒಳಗೆ, ಗಟ್ಟಿಮುಟ್ಟಾದವು ಕಡಲಿಗೆ. ಹೊಸದಾಗಿ ಬಂದ ಡಾಕ್ಟರಮ್ಮ ಮುದುಕಿಗೂ ಪರೀಕ್ಷೆ ಇಟ್ಟರು. ಎರಡು ತಿಂಗಳು ಯಾರೂ ಕೈಯಿಂದ ಉಣಿಸಕೂಡದು. ತೊಟ್ಟಿಗೆ ಬಿಟ್ಟ ಜೀವಂತ ಏಡಿಗಳನ್ನು ತಾನೇ ಹಿಡಿದು ತಿಂದರೆ ಬಿಡುಗಡೆ.

“ತಿನ್ನದಿದ್ರೆ?” ಎಂದ ಗಾಜಣ್ಣ.

“ಇಲ್ಲೇ ಇರುತ್ತೆ. ಹಾಗೇ ಕಡಲಿಗೆ ಬಿಟ್ಟರೆ ಉಪವಾಸ ಸಾಯುತ್ತಲ್ಲ.”

ಒಂಬತ್ತು ದಿನ ಏಡಿಗಳು ಮುದುಕಿಯ ಬೆನ್ನೇರಿ ಸವಾರಿ ಮಾಡಿದವು. ಅದು ಗಾಜಿಗೆ ಮೂತಿಯಿಟ್ಟು ಗಾಜಣ್ಣನನ್ನೇ ನೋಡುತ್ತಿತ್ತು. ಹತ್ತನೆಯ ಬೆಳಿಗ್ಗೆ, ಮಿಕ್ಕವರು ಬರುವ ಮುಂಚೆ, ಅವನು ನಾಲ್ಕು ಏಡಿ ಹಿಡಿದು, ಇಕ್ಕಳದಿಂದ ಚಿಪ್ಪೊಡೆದು ಬಾಯಿಗಿಟ್ಟ. ಮರುದಿನವೂ ಇಟ್ಟ, ಆಮೇಲೆ ದಿನವೂ ಇಟ್ಟ. ಚಿಪ್ಪುಗಳು ತಳಕ್ಕಿಳಿದವು. ಅವನದು ಗಾಜಿನ ಕೆಲಸ, ತಳ ಗುಡಿಸುವವನು ಬೇರೆ. ಗಾಜಣ್ಣ ಅತ್ತ ಕಣ್ಣೂ ಹಾಯಿಸಲಿಲ್ಲ. ಡಾಕ್ಟರಮ್ಮ ದಿನವೂ ಬಂದು ಎಣಿಸುತ್ತಿದ್ದುದು ಆ ಚಿಪ್ಪುಗಳನ್ನೇ.

“ಶಹಬ್ಬಾಸ್! ನಿಮ್ಮ ಮುದುಕಿ ಪಾಸು!” ಎಂದರು, ಎರಡು ತಿಂಗಳಾದ ಮೇಲೆ.

ಗಾಜಣ್ಣ ಲೆಕ್ಕ ಹಾಕಿದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಮುದುಕಿ ಹೋಗುತ್ತದೆ.

“ಹೋಗಿ ಹೇಳಿಬಿಡ್ರೀ,” ಎಂದಳು ಹೆಂಡತಿ. “ಬಾಯಲ್ಲೇನು ಕಡುಬು ಇಟ್ಕೊಂಡಿದೀರಾ?”

“ನಾಳೆ ಹೇಳ್ತೀನಿ.”

ಆ ನಾಳೆ ಮೂರು ದಿನ ಎಳೆಯಿತು. ನಾಲ್ಕನೆಯ ದಿನ ಮುದುಕಿಯನ್ನು ಕಡಲಿಗೆ ಬಿಟ್ಟಾಗ ದಂಡೆಯಲ್ಲಿ ಜನ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

ನಾಲ್ಕು ತಿಂಗಳಿಗೆ ಮುದುಕಿಯನ್ನು ಅಲೆಗಳು ಮರಳಿಗೆ ತಂದು ಹಾಕಿದವು. ಡಾಕ್ಟರಮ್ಮ ಹೊಟ್ಟೆ ಕೊಯ್ದು ನೋಡಿದರು. ಒಳಗೆ ಒಂದು ಚೂರೂ ಇರಲಿಲ್ಲ.

“ಇಲ್ಲಿ ಅಷ್ಟು ಏಡಿ ತಿಂತಿತ್ತಲ್ರೀ!”

“ನಾನೇ ಒಡೆದು ತಿನ್ನಿಸ್ತಿದ್ದೆ, ಡಾಕ್ಟರಮ್ಮಾ. ಹೇಳಿದ್ರೆ ಕೆಲಸದಿಂದ ತೆಗೀತೀರಿ ಅಂತ…”

ಅವರು ಕತ್ತಿಯನ್ನು ಟ್ರೇಯಲ್ಲಿಟ್ಟರು.

“ತೆಗೀತೀನಿ ಅಂತ ಯಾರು ಹೇಳಿದ್ದು ನಿಮಗೆ?”

ಯಾರೂ ಹೇಳಿರಲಿಲ್ಲ.