ಗೆಬ್‌ಹಾರ್ಟ್‌ನ ಎರಡನೇ ಬ್ಯಾಟರಿ

ಗೆಬ್‌ಹಾರ್ಟ್ ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಡ್ಯಾನ್ಯೂಬ್ ದಡದ ನಮ್ಮ ಮಾದರಿ ವಿಮಾನ ಸಂಘಕ್ಕೆ ಅವನೇ ತಪಾಸಣೆಗಾರ. ದೊಡ್ಡ ವಿಮಾನ ಯಾರದೇ ಇರಲಿ, ವರ್ಷದ ಮೊದಲ ಹಾರಾಟಕ್ಕೆ ಮುಂಚೆ ಗೆಬ್‌ಹಾರ್ಟ್ ಅದರ ಒಂದು ಬ್ಯಾಟರಿ ಕಿತ್ತು, ರೆಕ್ಕೆ ಬಾಲದ ಪಟ್ಟಿಗಳು ಆಡುತ್ತವೆಯೇ ನೋಡಬೇಕು. ಅದನ್ನು ಹಾಕಿ ಇನ್ನೊಂದನ್ನು ಕೀಳಬೇಕು. ಒಂದು ಸತ್ತರೆ ಇನ್ನೊಂದು ಕೈಹಿಡಿಯಲಿ ಎಂದೇ ಎರಡಿರುವುದು. ಇಪ್ಪತ್ತು ಕಿಲೋದ ವಿಮಾನ ಬೇಲಿಯಾಚೆ ಕೂತವರ ತಲೆಯ ಮೇಲೆ ಬಿದ್ದರೆ ಅದನ್ನು ಆಟಿಕೆ ಎನ್ನುವುದು ಹೇಗೆ? ಈ ಉಪದೇಶ ಕೇಳಿ ಕೇಳಿ ಸಂಘದವರ ಕಿವಿ ತೂತುಬಿದ್ದಿತ್ತು. ಆದರೂ ಅವನು ಸಹಿ ಹಾಕಿದನೆಂದರೆ ಎಲ್ಲರಿಗೂ ನಿಶ್ಚಿಂತೆ.

ಆರು ವರ್ಷ ಕೂತು ಕಟ್ಟಿದ ಅವನ ಹೊಸ ವಿಮಾನ ಈ ವಸಂತದಲ್ಲಿ ಮುಗಿಯಿತು. ಉಳಿದದ್ದು ಒಂದೇ, ಎರಡು ಬ್ಯಾಟರಿಗಳ ವಿದ್ಯುತ್ತನ್ನು ಪಟ್ಟಿಗಳನ್ನು ಆಡಿಸುವ ಎಲ್ಲ ಮೋಟಾರುಗಳಿಗೂ ಹಂಚುವ ಪೆಟ್ಟಿಗೆ. ಹಳೆಯ ವಿಮಾನದಲ್ಲಿದ್ದದ್ದು ಒಂದೇ ಒಂದು ಹಸಿರು ದೀಪದ ಬಡಪಾಯಿ. ಈ ಸಲ ಎರಡು ಪೆಟ್ಟಿಗೆ ತರಿಸಿ, ಊಟದ ಮೇಜಿನ ತುಂಬ ಹರವಿಕೊಂಡು ಹೋಲಿಸಲು ಕೂತ. ಒಂದಕ್ಕೆ ಪುಟ್ಟ ಪರದೆ. ಇನ್ನೊಂದಕ್ಕೆ ಬ್ಯಾಟರಿಗೊಂದರಂತೆ ಎರಡು ದೀಪ ಮಾತ್ರ. ಒಂದು ವೋಲ್ಟೇಜನ್ನು ತಗ್ಗಿಸಿ ಕೊಡುತ್ತದೆ, ಇನ್ನೊಂದು ಬಂದದ್ದನ್ನು ಬಂದ ಹಾಗೇ ಕೊಡುತ್ತದೆ. ಏಳು ಕಾಲಂ ಎಳೆದು ಎಲ್ಲ ತುಂಬಿಸಿದ ಮೇಲೆ ಅವನಿಗೆ ಮೊದಲು ತಿಳಿದದ್ದೂ ಮರೆತುಹೋಯಿತು.

"ಪರದೆ ಇರೋದೇ ತಗೋ ಮಾರಾಯ," ಎಂದ ಸಂಘದ ಗೆಳೆಯ, ಬೇಕರಿಯ ಒಟ್ಮಾರ್. "ವಿಮಾನ ಹಾರದಿದ್ರೂ ಟೀವಿ ನೋಡ್ಕೊಂಡು ಕೂರ್ಬೋದು."

ಮನೆಯಲ್ಲಿ ಹೆಂಡತಿ ರೋಸ್ವಿಟಾ ಬಟ್ಟಲು ಹಿಡಿದು ನಿಂತಿದ್ದಳು. "ಆಲೂಗಡ್ಡೆ ಸಲಾಡ್ ಎಲ್ಲಿಡ್ಲಿ, ನಿನ್ನ ತಲೆ ಮೇಲಾ? ಊರವರ ವಿಮಾನಕ್ಕೆಲ್ಲ ಬ್ಯಾಟರಿ ಕೀಳ್ತೀಯಲ್ಲ, ಇವಕ್ಕೂ ಅದೇ ಮಾಡಿ ನೋಡು."

ಹಳೆಯ ವಿಮಾನದ ಎರಡೂ ಬ್ಯಾಟರಿ, ಕೆಲವು ಮೋಟಾರು ತಂದು ಪರದೆಯ ಪೆಟ್ಟಿಗೆಗೆ ಜೋಡಿಸಿದ. ಎರಡನೆಯದನ್ನು ಕಿತ್ತ, ಮೋಟಾರುಗಳು ಆಡಿದವು. ಅದನ್ನು ಹಾಕಿ ಮೊದಲನೆಯದನ್ನು ಕಿತ್ತ; ಎಲ್ಲವೂ ಒಮ್ಮೆ ನಡುಗಿ ಸತ್ತವು. ಎಲಾ ದರಿದ್ರ ಪೆಟ್ಟಿಗೆಯೇ ಎಂದು ಇನ್ನೊಂದಕ್ಕೆ ಜೋಡಿಸಿದರೆ ಅದೂ ಹಾಗೇ. ಮೀಟರ್ ಇಟ್ಟರೆ ಎರಡನೇ ಬ್ಯಾಟರಿ ತುಂಬಿದೆ ಎನ್ನುತ್ತದೆ. ಹಾಗಿದ್ದರೆ ಎರಡೂ ಪೆಟ್ಟಿಗೆ ಕೆಟ್ಟವೇ? ಅವನಿಗೆ ತಲೆಬುಡ ತಿಳಿಯಲಿಲ್ಲ. ಮೂರು ದಿನ ತಂತಿ ಬದಲಿಸಿದ, ಕಂಪನಿಗಳಿಗೆ ಬೈಗುಳದ ಪತ್ರ ಬರೆದು ಹರಿದ.

"ಎರಡು ಪೆಟ್ಟಿಗೇನೂ ಒಂದೇ ಮಾತು ಹೇಳ್ತಿವೆ," ಎಂದಳು ರೋಸ್ವಿಟಾ. "ಎರಡೂ ಸೇರಿ ನಿಂಗೆ ಸುಳ್ಳು ಹೇಳ್ತಾವಾ?"

ಆಗ ಎರಡನೇ ಬ್ಯಾಟರಿಯ ಮೇಲಿನ ಹೊದಿಕೆ ಸುಲಿದ. ಒಳಗೆ ಅವನೇ ಬೆಸುಗೆ ಹಾಕಿದ ತಂತಿ ಬರೀ ತಗುಲಿಕೊಂಡಿತ್ತು, ಹಿಡಿದಿರಲಿಲ್ಲ. ಸುಮ್ಮನಿದ್ದಾಗ ಪೂರ್ತಿ ವೋಲ್ಟೇಜ್ ತೋರಿಸುವುದು, ಕೆಲಸ ಕೊಟ್ಟರೆ ಮಲಗುವುದು. ಹಾಕಿದಂದಿನಿಂದಲೂ ಹಾಗೇ ಇತ್ತು. ಹಳೆಯ ವಿಮಾನ ಎರಡು ಬೇಸಿಗೆ ಒಂದೇ ಬ್ಯಾಟರಿಯಲ್ಲಿ ಹಾರಿತ್ತು. ಒಂದು ಬದುಕಿದ್ದರೂ ಸಾಕು, ಆ ಹಸಿರು ದೀಪ ಉರಿಯುತ್ತಿತ್ತು. ಕಿತ್ತು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಆದರೆ ತಪಾಸಣೆಗಾರನ ಬ್ಯಾಟರಿ ಕೀಳುವವರು ಯಾರು? ತನ್ನದಕ್ಕೆ ತಾನೇ, ನೋಡದೆಯೇ ಸಹಿ ಹಾಕಿದ್ದ. ಭಯ, ಅದಕ್ಕಿಂತ ಹೆಚ್ಚು ನಾಚಿಕೆ. ಹೊಸ ಬ್ಯಾಟರಿ ತಂದು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅವನ ಸಹಿಗೆ ಕಿಮ್ಮತ್ತಿಲ್ಲ.

ಶನಿವಾರ ಎರಡು ದೀಪದ ಪೆಟ್ಟಿಗೆಯನ್ನೂ ಹೊಸ ಬ್ಯಾಟರಿಗಳನ್ನೂ ಹಾಕಿದ ವಿಮಾನವನ್ನು ಮೈದಾನಕ್ಕೆ ತಂದು, ಎಲ್ಲರೆದುರೂ ಹೇಳಿಬಿಟ್ಟ.

ಒಟ್ಮಾರ್‌ನ ಬಾಯಲ್ಲಿದ್ದ ಬ್ರೆಡ್ಡು ಅಲ್ಲೇ ನಿಂತಿತು. "ಎಷ್ಟು ದಿನದಿಂದ?"

"ಎರಡು ಬೇಸಿಗೆ."

ಒಟ್ಮಾರ್ ಬೇಲಿಯ ಕಡೆ ನೋಡಿದ. "ಭಾನುವಾರ ಭಾನುವಾರ ಅಲ್ಲಿ ನಮ್ಮಮ್ಮ ಕೂರ್ತಾಳೆ ಕಣೋ."

"ಗೊತ್ತು. ಅದಕ್ಕೇ... ಇದನ್ನ ನೀನು ನೋಡು. ನಾನು ಮುಟ್ಟಲ್ಲ."

ಒಟ್ಮಾರ್ ಜೋಕು ಹೊಡೆಯಲಿಲ್ಲ. ಮಂಡಿಯೂರಿ ಒಂದು ಬ್ಯಾಟರಿ ಕಿತ್ತ, ಪಟ್ಟಿಗಳು ಆಡಿದವು. ಹಾಕಿ ಇನ್ನೊಂದನ್ನು ಕಿತ್ತ; ಆಡಿದವು. ಗೆಬ್‌ಹಾರ್ಟ್ ಸಹಿಗೆಂದು ಪುಸ್ತಕ ಚಾಚಿದ. ಒಟ್ಮಾರ್ ಅದನ್ನು ತೆಗೆದುಕೊಳ್ಳದೆ, ಅವನ ಮುಖವನ್ನೂ ನೋಡದೆ, ಮತ್ತೆ ಮೊದಲನೆಯದನ್ನು ಕಿತ್ತ.