ಚಪ್ಪಲಿ ಬಿಚ್ಚಿಟ್ಟ ಎರಡು ನಿಮಿಷ

ನಮ್ಮ ಶಾಲೆಯ ಮ್ಯಾನೇಜರನ ಬಾಯಿಗೆ ಮಣ್ಣು ಬೀಳ! ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ನಾನು. ಈ ಶಾಪ ಹಾಕದೆ ನನಗೆ ಬೆಳಗಾಗುವುದಿಲ್ಲ.

ನಮ್ಮ ಡ್ರೈವರನ್ನು ಮಕ್ಕಳು ಕೆಂಡಣ್ಣ ಎನ್ನುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ. ಹೋದ ವರ್ಷ ಇದೇ ಮ್ಯಾನೇಜರ್ ಬೆಳಗ್ಗೆ ಬೆಳಗ್ಗೆಯೇ ಫೋನಿನಲ್ಲಿ ಅವನಿಗೆ ಉಗಿದಿದ್ದ. ಆ ಸಿಟ್ಟಿನಲ್ಲೇ ಬಸ್ಸು ತಿರುಗಿಸಿ ಕೆಂಡಣ್ಣ ಗೇಟಿನ ಕಂಬಕ್ಕೆ ಗುದ್ದಿಬಿಟ್ಟ. ಒಬ್ಬ ಹುಡುಗಿಯ ಮುಂದಿನ ಹಲ್ಲು ಮುರಿಯಿತು. ವಾರವಿಡೀ ಅವನು ಸರಿಯಾಗಿ ಉಣ್ಣಲಿಲ್ಲ.

ಹುಡುಗಿಗೆ ಔಷಧಿ ಹಚ್ಚಿದ ನರ್ಸಮ್ಮ ಇವನ ನಡುಗುವ ಕೈ ನೋಡಿ ಹೇಳಿಕೊಟ್ಟಿದ್ದಳು: "ಬರಿಗಾಲನ್ನ ನೆಲಕ್ಕೆ ಊರಿ ಕೂತ್ಕೊಳ್ಳಿ. ನಾಲ್ಕು ಎಣಿಸ್ತಾ ಉಸಿರು ತಗೊಳ್ಳಿ, ಎಂಟು ಎಣಿಸ್ತಾ ಬಿಡಿ. ಕೈಗೆ ಸಿಕ್ಕಿದ್ದನ್ನ ಮುಟ್ಟಿ, ಅದರ ಹೆಸರು ಹೇಳಿ."

ಅಂದಿನಿಂದ ಮಕ್ಕಳೆಲ್ಲ ಹತ್ತಿದ ಮೇಲೆ ಕೆಂಡಣ್ಣ ಚಪ್ಪಲಿ ಬಿಚ್ಚಿ, ಬಸ್ಸಿನ ತಣ್ಣನೆಯ ತಗಡಿನ ನೆಲದ ಮೇಲೆ ಪಾದ ಊರಿ, ಕಣ್ಣು ಮುಚ್ಚಿ "ಸ್ಟೇರಿಂಗು, ಗೇರು, ಕೀ" ಎಂದು ಮುಟ್ಟಿ ಮುಟ್ಟಿ ಗೊಣಗುತ್ತಿದ್ದ. ಎರಡು ನಿಮಿಷ. ಆಮೇಲೆ ಕೈ ಚಾಚಿ ನೋಡಿಕೊಳ್ಳುತ್ತಿದ್ದ. ನಡುಗದಿದ್ದರೆ ಮಾತ್ರ ಬಸ್ಸು ಶುರು.

"ಏನಣ್ಣ, ಗೇರಿಗೆ ಮಗ್ಗಿ ಹೇಳಿಕೊಡ್ತಿದೀಯಾ?" ಎಂದು ರೇಗಿಸುತ್ತಿದ್ದೆ. ಬಸ್ಸಿಗೆ ವರ್ಷವಿಡೀ ಒಂದು ಗೀರೂ ಬೀಳದಿದ್ದಾಗ ಬಾಯಿ ಮುಚ್ಚಿಕೊಂಡೆ.

ಈಚೆಗೆ ಬಸ್ಸಿಗೆ ಯಂತ್ರವೊಂದನ್ನು ಕೂರಿಸಿದರು. ಬಸ್ಸು ಎಲ್ಲಿ ಎಷ್ಟು ನಿಮಿಷ ನಿಂತಿತೆಂದು ಅದು ಆಫೀಸಿಗೆ ಚಾಡಿ ಹೇಳುತ್ತದೆ. ಯಾಕೆ ನಿಂತಿತೆಂದು ಮಾತ್ರ ಹೇಳುವುದಿಲ್ಲ. ಹೋದ ತಿಂಗಳು ಒಂದು ದಿನ ಶಾಲೆ ಬಿಟ್ಟ ಹೊತ್ತಿಗೆ ಮ್ಯಾನೇಜರ್ ಬಸ್ಸಿನ ಬಾಗಿಲಿಗೇ ಬಂದ.

"ದಿನಾ ಇಲ್ಲಿ ನಿದ್ದೆ ಹೊಡೀತೀಯಾ? ಈಗಲೇ ಹೊರಡು, ಇಲ್ಲಾಂದ್ರೆ ಕೀ ಇಟ್ಟು ಮನೆಗೆ ಹೋಗು!"

ಅದೂ ಮೂವತ್ತು ಮಕ್ಕಳ ಎದುರಿಗೆ! ಮನೆಗೆ ಹೋಗಿ ಉಣ್ಣುವುದೇನು? ಆ ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಇನ್ನೇನು ಮ್ಯಾನೇಜರನ ಕಪಾಳಕ್ಕೆ ಬಾರಿಸುತ್ತಾನೆ ಎಂದುಕೊಂಡೆ. ಬಾರಿಸಲಿ ಎಂದೂ ಅಂದುಕೊಂಡೆ. ಕೆಂಡಣ್ಣ ಚಪ್ಪಲಿ ಬಿಚ್ಚಿ ಎರಡೂ ಕೈ ಮುಂದೆ ಚಾಚಿದ. ಗಡಗಡ ನಡುಗುತ್ತಿದ್ದವು.

"ಇದು ನಿಲ್ಲೋವರೆಗೂ ಬಸ್ಸು ಹೊರಡಲ್ಲ ಸಾರ್. ನೀವು ಬೈದಷ್ಟೂ ತಡ."

ಮ್ಯಾನೇಜರ್ ಮತ್ತೂ ಕೂಗಿದ. ಹಿಂದಿನ ಸೀಟಿನಿಂದ ಆ ಹಲ್ಲು ಮುರಿದ ಹುಡುಗಿ "ಒಂದು, ಎರಡು" ಎಂದು ಎಣಿಸತೊಡಗಿದಳು. ಉಳಿದ ಮಕ್ಕಳೂ ದನಿಗೂಡಿಸಿದರು. ಎಂಟು, ಮತ್ತೆ ಎಂಟು. ಕೈ ನಿಲ್ಲಲು ಒಂಬತ್ತು ನಿಮಿಷ ಹಿಡಿಯಿತು. ಆಮೇಲೆ ಎಲ್ಲರನ್ನೂ ಸುಸೂತ್ರವಾಗಿ ಮನೆ ಮುಟ್ಟಿಸಿದ.

ಮಾರನೆಯ ದಿನವೇ ಅವನನ್ನು ಕೆಲಸದಿಂದ ತೆಗೆದರು. ಕೈಗೆ ಕೊಟ್ಟ ಕಾಗದದಲ್ಲಿ ಆ ಒಂಬತ್ತು ನಿಮಿಷವಿತ್ತು, ಬೈಗುಳವಿರಲಿಲ್ಲ. ಎಷ್ಟು ಉಸಿರು ಬಿಟ್ಟರೂ ಈ ಸಿಟ್ಟು ನನಗೆ ಇಳಿಯುತ್ತಿಲ್ಲ. ಇಳಿಯುವುದೂ ಬೇಡ.

ಹೊಸ ಡ್ರೈವರ್ ಹತ್ತಿದ ಕೂಡಲೇ ಕೀ ತಿರುಗಿಸಲು ಹೋಗುತ್ತಾನೆ. ಆಯಾ ಬಾಗಿಲು ಹಾಕದೆ ಬಸ್ಸು ಹೊರಡುವಂತಿಲ್ಲ, ಅದು ಮ್ಯಾನೇಜರನದೇ ನಿಯಮ. ನಾನು ಹಾಕುವುದಿಲ್ಲ. ಮೆಟ್ಟಿಲ ಮೇಲೆ ನಿಂತು ಹೇಳುತ್ತೇನೆ:

"ಮೊದಲು ಕೈ ತೋರಿಸಪ್ಪ."